ಆವತಿಯ ಗೌಡರು

ದೇವನಹಳ್ಳಿಯ ಕೋಟೆಯನ್ನು ನೋಡಿ ಬಂದವರು ಟೀಪೂ ಸುಲ್ತಾನನ ಜನ್ಮಸ್ಥಳವನ್ನು ಕಂಡೆವೆನ್ನುವುದು ವಾಡಿಕೆ. ತಪ್ಪೇನೂ ಇಲ್ಲ. ಆದರೆ ಈಗಿನ ಕಲ್ಲುಗೋಡೆ ಏಳುವುದಕ್ಕೆ ಮೊದಲು ಅಲ್ಲಿ ಮಣ್ಣಿನ ಕೋಟೆಯಿತ್ತು. ಅದನ್ನು 1501ರಲ್ಲಿ ಕಟ್ಟಿಸಿದವನು ಆವತಿ ಮನೆತನದ ಮಲ್ಲಬೈರೇಗೌಡ.

ಆವತಿ, ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿ, ಬೆಟ್ಟದ ಬುಡದಲ್ಲಿರುವ ಹಳ್ಳಿ. ಕಂಚಿಯ ಸೀಮೆಯಲ್ಲಿ ಬಲಿಷ್ಠನೊಬ್ಬನು ಬಲವಂತದಿಂದ ಹೆಣ್ಣು ಕೇಳಲು, ಮಾನಕ್ಕಂಜಿದ ರಣಬೈರೇಗೌಡನು ಬಂಧುಗಳೊಡನೆ ಸಂಸಾರವನ್ನು ಗಾಡಿಗಳಿಗೆ ಹೇರಿಕೊಂಡು ರಾತ್ರೋರಾತ್ರಿ ಹೊರಟು ಇಲ್ಲಿಗೆ ಬಂದನೆಂಬುದು ಐತಿಹ್ಯ. ತುಂಬಿದ ಪಾಲಾರ್ ನದಿ ಅವರಿಗೆ ದಾರಿ ಬಿಟ್ಟಿತಂತೆ! ನದಿಯ ಮಾತನ್ನು ನಂಬುವುದೂ ಬಿಡುವುದೂ ತಮಗೆ ಸೇರಿದ್ದು. ಗಾಡಿಯ ಮಾತನ್ನು ನಾನು ನಂಬುತ್ತೇನೆ. ಏಕೆಂದರೆ ನಾಡಪ್ರಭುಗಳೆನಿಸಿಕೊಂಡ ಮೇಲೂ ಇವರು ಒಕ್ಕಲುತನದ 'ಗೌಡ' ಎಂಬ ಹೆಸರನ್ನು ಬಿಡಲಿಲ್ಲ.

ಅಣ್ಣತಮ್ಮಂದಿರು ಪಾಲಾದಂತೆ ನಾಡೂ ಪಾಲಾಯಿತು. ದೇವನಹಳ್ಳಿ, ದೊಡ್ಡಬಳ್ಳಾಪುರ, ನಂದಿದುರ್ಗವನ್ನು ಕೈಯಲ್ಲಿಟ್ಟುಕೊಂಡ ಚಿಕ್ಕಬಳ್ಳಾಪುರ, ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಪಾಲಾದ ಮನೆಗೆ ಹೊರಗಿನವರ ಕಣ್ಣು ಬೀಳದಿರುತ್ತದೆಯೇ? 1749ರಲ್ಲಿ ಮೈಸೂರಿನ ನಂಜರಾಜಯ್ಯನ ಸೇನೆ ದೇವನಹಳ್ಳಿಯನ್ನು ಮುತ್ತಿತು. ಮಣ್ಣಿನ ಕೋಟೆಯಾದರೂ ತಿಂಗಳುಗಟ್ಟಲೆ ಮಣಿಯಲಿಲ್ಲ. ಕೊನೆಗೆ ಬಿದ್ದಿತು.

ಆ ಮುತ್ತಿಗೆಯಲ್ಲಿ ಎಲ್ಲರ ಕಣ್ಣಿಗೆ ಬಿದ್ದ ಯೋಧನೊಬ್ಬನಿಗೆ 50 ಕುದುರೆ, 200 ಕಾಲಾಳುಗಳ ನಾಯಕತ್ವ ದೊರೆಯಿತು. ಅವನೇ ಹೈದರಾಲಿ. ದೇವನಹಳ್ಳಿಯ ಗೌಡರ ಸೋಲಿನಲ್ಲಿ ಮೇಲೆದ್ದ ಆತನೇ 1762ರಲ್ಲಿ ಅವರ ದಾಯಾದಿಗಳ ಚಿಕ್ಕಬಳ್ಳಾಪುರವನ್ನು ಮುತ್ತಿದನು.