ಪರಮಾಣುವಿನ ಮೊದಲ ಚಿತ್ರಗಳು

ಕಣ್ಣಿಗೆ ಕಾಣದ ವಸ್ತುವಿನ ರೂಪವನ್ನು ನಾವು ಯಾವ ಧೈರ್ಯದಿಂದ ಬಣ್ಣಿಸಬಹುದು? ಪರಮಾಣುವಿನ ವಿಚಾರದಲ್ಲಿ ಈ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರಜ್ಞರು ಅದನ್ನು ಒಡೆಯಲಾಗದ ಕಣವೆಂದೇ ಬಗೆದು ತಮ್ಮ ಲೆಕ್ಕಗಳನ್ನು ನಡೆಸಿದರು. ೧೮೯೭ರಲ್ಲಿ ಕೇಂಬ್ರಿಜ್ಜಿನ ಕ್ಯಾವೆಂಡಿಷ್ ಪ್ರಯೋಗಶಾಲೆಯಲ್ಲಿ ಜೆ. ಜೆ. ಥಾಮ್ಸನ್ನರು ಪರಮಾಣುವಿಗಿಂತ ಬಹು ಹಗುರವಾದ, ಋಣವಿದ್ಯುತ್ತನ್ನು ಹೊತ್ತ ಎಲೆಕ್ಟ್ರಾನ್ ಎಂಬ ಕಣವನ್ನು ಕಂಡುಹಿಡಿದ ಮೇಲೆ ಆ ನಂಬಿಕೆ ಸಡಿಲವಾಯಿತು.

ಎಲೆಕ್ಟ್ರಾನುಗಳು ಪರಮಾಣುವಿನೊಳಗೆ ಇರುವುದಾದರೆ, ಅವುಗಳಿಗೆ ಸರಿದೂಗುವ ಧನವಿದ್ಯುತ್ತು ಎಲ್ಲಿದೆ? ಅದು ಗೋಲದ ತುಂಬ ಸಮನಾಗಿ ಹರಡಿದೆಯೆಂದು ೧೯೦೪ರಲ್ಲಿ ಥಾಮ್ಸನ್ನರು ಉತ್ತರವಿತ್ತರು. ಸೀಬೆಹಣ್ಣಿನ ತಿರುಳಿನಲ್ಲಿ ಬೀಜಗಳು ಸಾಲುಗಟ್ಟಿರುವಂತೆ ಎಲೆಕ್ಟ್ರಾನುಗಳು ಅದರೊಳಗೆ ಉಂಗುರ ಉಂಗುರವಾಗಿ ನಿಂತಿವೆಯೆಂಬುದು ಅವರ ಚಿತ್ರ. ಅದೇ ವರ್ಷ ಜಪಾನಿನ ನಾಗಾವೋಕರು, ಶನಿಗ್ರಹವನ್ನು ಬಳೆಗಳು ಸುತ್ತುವಂತೆ ನಡುವಣ ಭಾರವಾದ ಗೋಲವೊಂದನ್ನು ಎಲೆಕ್ಟ್ರಾನುಗಳು ಸುತ್ತುತ್ತವೆಯೆಂದು ಬೇರೊಂದು ಚಿತ್ರವನ್ನು ಬರೆದರು. ಎರಡರಲ್ಲಿ ಯಾವುದು ದಿಟ? ಅದನ್ನು ತಿಳಿಯಲು ಪರಮಾಣುವಿನ ಒಳಹೊಕ್ಕು ಸುದ್ದಿ ತರುವ ದೂತನೊಬ್ಬ ಬೇಕಾಗಿದ್ದನು.

ಆ ದೂತನೇ ರೇಡಿಯಂ ಮೊದಲಾದ ಧಾತುಗಳಿಂದ ಸಿಡಿಯುವ ಆಲ್ಫಾ ಕಣ. ಅದರ ವೇಗ ಸೆಕೆಂಡಿಗೆ ಸುಮಾರು ೧೦,೦೦೦ ಮೈಲಿ. ತೂಕ ಎಲೆಕ್ಟ್ರಾನಿನ ೭,೦೦೦ ಪಟ್ಟಿಗೂ ಹೆಚ್ಚು. ಥಾಮ್ಸನ್ನರ ಶಿಷ್ಯರೇ ಆದ ರದರ್‌ಫರ್ಡರು ಆಗ ಮ್ಯಾಂಚೆಸ್ಟರಿನಲ್ಲಿದ್ದರು. ೧೯೦೯ರಲ್ಲಿ ಅವರ ಸಹಾಯಕ ಗೈಗರರೂ ಇಪ್ಪತ್ತರ ಹರೆಯದ ವಿದ್ಯಾರ್ಥಿ ಮಾರ್ಸ್‌ಡೆನ್ನರೂ ತೆಳುವಾದ ಲೋಹದ ತಗಡುಗಳ ಮೇಲೆ ಈ ಕಣಗಳನ್ನು ಹಾಯಿಸಿದರು. ಕತ್ತಲೆಯ ಕೋಣೆಯಲ್ಲಿ ಕುಳಿತು, ಸತುವಿನ ಸಲ್ಫೈಡು ಬಳಿದ ತೆರೆಯ ಮೇಲೆ ಮಿನುಗುವ ಕಿಡಿಗಳನ್ನು ಸೂಕ್ಷ್ಮದರ್ಶಕದಿಂದ ಒಂದೊಂದಾಗಿ ಎಣಿಸಿದರು. ಬಹುತೇಕ ಕಣಗಳು ತಡೆಯಿಲ್ಲದೆ ಸಾಗಿಹೋದುವು. ಆದರೆ ಪ್ಲಾಟಿನಂ ತಗಡಿನಿಂದ ಸುಮಾರು ೮,೦೦೦ಕ್ಕೆ ಒಂದು ಕಣ ಬಂದ ಕಡೆಗೇ ಹಿಂದಿರುಗಿತು!

ಹಗುರವಾದ ಎಲೆಕ್ಟ್ರಾನು ಇಂತಹ ಕಣವನ್ನು ಹಿಮ್ಮೆಟ್ಟಿಸಲಾರದು. ಎಲ್ಲೆಡೆ ಹರಡಿದ ವಿದ್ಯುತ್ತಿಗೂ ಆ ಬಲವಿಲ್ಲ. ಆದುದರಿಂದ ಪರಮಾಣುವಿನ ತೂಕವೆಲ್ಲವೂ ಒಂದು ಕಿರಿದಾದ ಕೇಂದ್ರದಲ್ಲಿ ಅಡಕವಾಗಿರಬೇಕೆಂದು ೧೯೧೧ರಲ್ಲಿ ರದರ್‌ಫರ್ಡರು ಸಾರಿದರು. ಈಗ ತಿಳಿದಿರುವ ಅಳತೆಯಂತೆ, ಚಿನ್ನದ ಪರಮಾಣುವನ್ನು ನೂರು ಅಡಿ ಅಗಲಕ್ಕೆ ಹಿಗ್ಗಿಸಿದರೆ ಅದರ ಕೇಂದ್ರವು ಒಂದು ಸಾಸುವೆಕಾಳಿನಷ್ಟಾದೀತು. ಗಟ್ಟಿಯೆಂದು ನಾವು ಹಿಡಿದಿರುವ ವಸ್ತುವಿನಲ್ಲಿ ಬಯಲೇ ಹೆಚ್ಚೆಂದಾಯಿತು.

ಗುರುವಿನ ಚಿತ್ರವನ್ನು ಶಿಷ್ಯರು ಅಳಿಸಿದರು. ಆದರೆ ಅವರ ಚಿತ್ರಕ್ಕೂ ಕುಂದಿತ್ತು. ಸುತ್ತುವ ಎಲೆಕ್ಟ್ರಾನು ಬೆಳಕನ್ನು ಸೂಸುತ್ತ ಕ್ಷಣಮಾತ್ರದಲ್ಲಿ ಕೇಂದ್ರಕ್ಕೆ ಬಿದ್ದುಹೋಗಬೇಕೆಂಬುದು ಅಂದಿನ ಭೌತಶಾಸ್ತ್ರದ ನಿಯಮ. ೧೯೧೩ರಲ್ಲಿ ಡೆನ್ಮಾರ್ಕಿನ ನೀಲ್ಸ್ ಬೋರರು, ಎಲೆಕ್ಟ್ರಾನಿಗೆ ಕೆಲವು ಗೊತ್ತಾದ ಕಕ್ಷೆಗಳು ಮಾತ್ರ ಉಂಟು, ಅಲ್ಲಿ ಅದು ಬೆಳಕನ್ನು ಸೂಸದು ಎಂದು ವಿಧಿಸಿ, ಜಲಜನಕದ ವರ್ಣರೇಖೆಗಳನ್ನು ಲೆಕ್ಕದಿಂದ ಪಡೆದರು. ೧೯೨೫-೨೬ರಲ್ಲಿ ಹೈಸೆನ್‌ಬರ್ಗ್, ಶ್ರೋಡಿಂಗರರ ಹೊಸ ಗಣಿತ ಬಂದು ಆ ಕಕ್ಷೆಗಳನ್ನೂ ಅಳಿಸಿತು.

ಹಾಗೆಂದು ಈ ಶ್ರಮ ವ್ಯರ್ಥವಾಯಿತೆನ್ನಲಾಗದು. ಥಾಮ್ಸನ್ನರ ಗೋಲ ಹೋಯಿತು, ಎಲೆಕ್ಟ್ರಾನು ಉಳಿಯಿತು. ಬೋರರ ಕಕ್ಷೆ ಹೋಯಿತು, ಕೇಂದ್ರ ಉಳಿಯಿತು. ಕತ್ತಲೆಯಲ್ಲಿ ಕುಳಿತು ಪ್ರಾಮಾಣಿಕವಾಗಿ ಎಣಿಸಿದ ಆ ಕಿಡಿಗಳ ಲೆಕ್ಕಕ್ಕೆ ಮುಂದಿನ ಪ್ರತಿಯೊಂದು ಚಿತ್ರವೂ ತಲೆಬಾಗಬೇಕಾಯಿತು.