ಅಲ್ಪ ಶರ್ಕರಪಿಷ್ಟ ಆಹಾರಪದ್ಧತಿ

ಅನ್ನ, ರೊಟ್ಟಿ, ಆಲೂಗಡ್ಡೆ, ಬೆಲ್ಲ, ಸಕ್ಕರೆ ಮೊದಲಾದ ಶರ್ಕರಪಿಷ್ಟಪ್ರಧಾನ ಪದಾರ್ಥಗಳನ್ನು ಬಹುಮಟ್ಟಿಗೆ ವರ್ಜಿಸಿ, ದೇಹಕ್ಕೆ ಬೇಕಾದ ಶಕ್ತಿಯನ್ನು ಮುಖ್ಯವಾಗಿ ಕೊಬ್ಬಿನಿಂದಲೂ ಪ್ರೋಟೀನಿನಿಂದಲೂ ಪಡೆಯುವ ಆಹಾರಕ್ರಮ. ದಿನವೊಂದಕ್ಕೆ 130 ಗ್ರಾಮಿಗಿಂತ ಕಡಮೆ ಶರ್ಕರಪಿಷ್ಟವನ್ನು ಸೇವಿಸುವುದೇ ಇದರ ಸಾಮಾನ್ಯ ಮಿತಿಯೆಂದು ವೈದ್ಯರು ಗಣಿಸುತ್ತಾರೆ. ಈ ಪ್ರಮಾಣವು 50 ಗ್ರಾಮಿಗಿಂತಲೂ ಕೆಳಗಿಳಿದಾಗ ಯಕೃತ್ತು ಮೇದಸ್ಸನ್ನು ಕೀಟೋನುಗಳಾಗಿ ಮಾರ್ಪಡಿಸಿ ಮಿದುಳಿಗೂ ಸ್ನಾಯುಗಳಿಗೂ ಇಂಧನವಾಗಿ ಒದಗಿಸತೊಡಗುವುದರಿಂದ, ಆ ಉಗ್ರರೂಪವನ್ನು ಕೀಟೋಜನಕ ಆಹಾರವೆಂದು ಕರೆಯುವ ರೂಢಿಯಿದೆ.

ಈ ಪದ್ಧತಿಯ ಮೂಲವಿರುವುದು ಮಧುಮೇಹದ ಚಿಕಿತ್ಸೆಯಲ್ಲಿ. ಬ್ರಿಟಿಷ್ ಸೇನೆಯಲ್ಲಿ ವೈದ್ಯನಾಗಿದ್ದ ಸ್ಕಾಟ್ಲೆಂಡಿನ ಜಾನ್ ರೋಲೋ, ರೋಗಿಯ ಮೂತ್ರದಲ್ಲಿ ಕಾಣಿಸುವ ಸಕ್ಕರೆಯು ಸಸ್ಯಜನ್ಯ ಆಹಾರದಿಂದ ಜಠರದಲ್ಲಿ ಉತ್ಪನ್ನವಾದುದೆಂದು ಊಹಿಸಿ, ಸೇನಾಧಿಕಾರಿಯೊಬ್ಬನಿಗೆ ಮಾಂಸವೂ ಹಳೆಯ ಕೊಬ್ಬೂ ಪ್ರಧಾನವಾದ ಪಥ್ಯವನ್ನು ವಿಧಿಸಿ, ಅದರ ಫಲವನ್ನು 1797ರಲ್ಲಿ ಪ್ರಕಟಿಸಿದನು. ಊಹೆ ತಪ್ಪಾಗಿತ್ತು, ಅವಲೋಕನ ಸರಿಯಾಗಿತ್ತು. ಚರಕಸಂಹಿತೆಯು ಹೊಸ ಧಾನ್ಯ, ಬೆಲ್ಲದ ಭಕ್ಷ್ಯ, ಮೊಸರು, ಅತಿನಿದ್ರೆಗಳನ್ನು ಪ್ರಮೇಹದ, ಎಂದರೆ ಮಧುಮೇಹವನ್ನೂ ಒಳಗೊಂಡ ಮೂತ್ರರೋಗಗಳ, ಕಾರಣಗಳಲ್ಲಿ ಎಣಿಸುವುದರಿಂದ ಈ ವಿಚಾರದ ಬೀಜವನ್ನು ಅಲ್ಲಿಯೇ ಅರಸಬಹುದೆಂದು ತೋರಿದರೂ, ಆ ಗ್ರಂಥವು ರೋಗಿಗೆ ಜವೆಗೋದಿಯನ್ನು ಮುಖ್ಯಾಹಾರವಾಗಿ ವಿಧಿಸುವುದನ್ನು ಗಮನಿಸಿದರೆ, ಅಲ್ಲಿ ಬೋಧಿತವಾದುದು ಧಾನ್ಯದ ತ್ಯಾಗಕ್ಕಿಂತ ಧಾನ್ಯದ ವಿವೇಚನೆಯೆಂಬುದು ಸ್ಪಷ್ಟವಾಗುತ್ತದೆ.

ವೈದ್ಯರ ಕೋಣೆಯಿಂದ ಈ ಪಥ್ಯವನ್ನು ಸಾಮಾನ್ಯ ಜನರ ಮನೆಗೆ ತಂದವನು ಲಂಡನ್ನಿನಲ್ಲಿ ಶವಸಂಸ್ಕಾರದ ವ್ಯವಸ್ಥೆಯನ್ನು ವೃತ್ತಿಯಾಗಿ ನಡೆಸುತ್ತಿದ್ದ ವಿಲಿಯಂ ಬ್ಯಾಂಟಿಂಗ್. ಅರುವತ್ತು ದಾಟಿದ ಆತನು ಬಾಗಿ ಪಾದರಕ್ಷೆಯ ದಾರವನ್ನು ಕಟ್ಟಿಕೊಳ್ಳಲಾರದಷ್ಟು, ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಇಳಿಯಬೇಕಾಗುವಷ್ಟು ಸ್ಥೂಲನಾಗಿದ್ದನು. ದೋಣಿ ನಡೆಸುವುದೇ ಮೊದಲಾದ ವ್ಯಾಯಾಮಗಳು ಅವನ ಹಸಿವನ್ನು ಹೆಚ್ಚಿಸಿದುವೇ ಹೊರತು ದೇಹವನ್ನು ಇಳಿಸಲಿಲ್ಲ. ಕಿವಿ ಮಂದವಾಯಿತೆಂದು ಆತನು ಕಂಡ ವೈದ್ಯ ವಿಲಿಯಂ ಹಾರ್ವೆ, ಯಕೃತ್ತು ಸಕ್ಕರೆಯನ್ನು ಉತ್ಪಾದಿಸುವ ಬಗೆಯನ್ನು ಕುರಿತು ಕ್ಲಾಡ್ ಬರ್ನಾರ್ಡನು ಪ್ಯಾರಿಸಿನಲ್ಲಿ ಮಾಡಿದ್ದ ಉಪನ್ಯಾಸಗಳಿಂದ ಪ್ರೇರಿತನಾಗಿದ್ದವನಾದುದರಿಂದ, ರೊಟ್ಟಿ, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗಡ್ಡೆ ಇವನ್ನು ಬಿಡುವಂತೆ ಹೇಳಿದನು. 1862ರ ಆಗಸ್ಟಿನಲ್ಲಿ 202 ಪೌಂಡು, ಎಂದರೆ ಸುಮಾರು 92 ಕಿಲೋಗ್ರಾಂ ಇದ್ದ ಬ್ಯಾಂಟಿಂಗ್ ಸುಮಾರು ಒಂದು ವರ್ಷದಲ್ಲಿ 46 ಪೌಂಡು ಇಳಿದನು. ತನಗಾದ ಉಪಕಾರವು ಇತರರಿಗೂ ಆಗಲೆಂಬ ಪ್ರಾಂಜಲವಾದ ಆಸೆಯಿಂದ 1863ರಲ್ಲಿ ಸ್ಥೂಲತೆಯನ್ನು ಕುರಿತ ಬಹಿರಂಗ ಪತ್ರವೊಂದನ್ನು ಸ್ವಂತ ಖರ್ಚಿನಲ್ಲಿ ಅಚ್ಚುಹಾಕಿಸಿ ಹಂಚಿದನು. ವೈದ್ಯಲೋಕದ ಪ್ರತಿಷ್ಠಿತರು ಇವನನ್ನು ಅಲ್ಲಗಳೆದರು. ಆದರೂ ಪುಸ್ತಿಕೆ ಮರುಮುದ್ರಣಗಳನ್ನು ಕಂಡಿತು, ಬ್ಯಾಂಟಿಂಗ್ 1878ರವರೆಗೆ ಬದುಕಿದ್ದನು.

ಇನ್ಸುಲಿನ್ ದೊರೆಯುವ ಮುನ್ನ ಮಧುಮೇಹಿಗಳಿಗೆ ಪಥ್ಯವೇ ಪ್ರಾಣವಾಗಿದ್ದಿತು. ಅಮೆರಿಕೆಯ ಫ್ರೆಡರಿಕ್ ಆಲೆನ್ ವಿಧಿಸುತ್ತಿದ್ದ ಕಠೋರ ಪಥ್ಯದಿಂದ ಮಕ್ಕಳು ಅಸ್ಥಿಪಂಜರಪ್ರಾಯರಾಗಿ ಕೆಲಕಾಲ ಉಳಿಯುತ್ತಿದ್ದರು. 1922ರ ಜನವರಿಯಲ್ಲಿ ಟೊರಾಂಟೋ ನಗರದಲ್ಲಿ ಮೊದಲ ಬಾರಿಗೆ ಬಾಲಕನೊಬ್ಬನಿಗೆ ಇನ್ಸುಲಿನ್ ಕೊಟ್ಟ ತರುವಾಯ ಆ ದಾರುಣ ಅಧ್ಯಾಯ ಮುಗಿಯಿತು. ಮೇಯೋ ಚಿಕಿತ್ಸಾಲಯದ ರಸೆಲ್ ವೈಲ್ಡರ್ 1921ರಲ್ಲಿ ಅಪಸ್ಮಾರಕ್ಕಾಗಿ ಸೂಚಿಸಿದ ಕೀಟೋಜನಕ ಪಥ್ಯವಾದರೋ ಔಷಧಗಳಿಗೆ ಬಗ್ಗದ ಮಕ್ಕಳ ಮೂರ್ಛೆಗೆ ಇಂದಿಗೂ ಸಲ್ಲುತ್ತಿದೆ. ಈ ಪದ್ಧತಿಯ ಉಪಯೋಗಗಳಲ್ಲಿ ಅತ್ಯಂತ ಭದ್ರವಾದ ಆಧಾರವುಳ್ಳದ್ದು ಇದೇ ಎನ್ನಬೇಕು.

ನ್ಯೂಯಾರ್ಕಿನ ಹೃದ್ರೋಗವೈದ್ಯ ರಾಬರ್ಟ್ ಅಟ್ಕಿನ್ಸ್ 1972ರಲ್ಲಿ ಬರೆದ ಪುಸ್ತಕವು ಕೊಬ್ಬನ್ನು ಭಯವಿಲ್ಲದೆ ಸೇವಿಸಬಹುದೆಂದು ಸಾರಿ ಲಕ್ಷಾಂತರ ಓದುಗರನ್ನು ಗಳಿಸಿತು. ಮರುವರ್ಷವೇ ಅಮೆರಿಕದ ವೈದ್ಯಸಂಘವು ಅದನ್ನು ಖಂಡಿಸಿತು. ವಾದ ಮೂರು ದಶಕ ನಡೆದುದಾದರೂ ಪರೀಕ್ಷೆ ನಡೆದುದು ತಡವಾಗಿ. 2003ರಲ್ಲಿ ಪ್ರಕಟವಾದ, 63 ಮಂದಿ ಸ್ಥೂಲದೇಹಿಗಳ ಮೇಲಿನ ಪ್ರಯೋಗವೊಂದರಲ್ಲಿ ಅಟ್ಕಿನ್ಸ್ ಕ್ರಮದವರು ಆರು ತಿಂಗಳಲ್ಲಿ ಹೆಚ್ಚು ತೂಕ ಇಳಿದರೂ ವರ್ಷಾಂತ್ಯಕ್ಕೆ ಆ ಅಂತರ ಗಣನೀಯವಾಗಿ ಉಳಿಯಲಿಲ್ಲ. 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 609 ಮಂದಿಯನ್ನು ಹನ್ನೆರಡು ತಿಂಗಳು ಗಮನಿಸಿದಾಗ ಕೊಬ್ಬನ್ನು ತಗ್ಗಿಸಿದವರು ಸರಾಸರಿ 5.3 ಕಿಲೋಗ್ರಾಂ, ಶರ್ಕರಪಿಷ್ಟವನ್ನು ತಗ್ಗಿಸಿದವರು 6 ಕಿಲೋಗ್ರಾಂ ಇಳಿದಿದ್ದರು. ಈ ಭೇದ ನಗಣ್ಯ. ಮೊದಲ ವಾರಗಳ ಶೀಘ್ರ ಇಳಿತದಲ್ಲಿ ನೀರಿನ ಪಾಲೂ ಉಂಟು: ಯಕೃತ್ತೂ ಸ್ನಾಯುಗಳೂ ಸಂಗ್ರಹಿಸಿದ ಪ್ರತಿ ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿರುವುದರಿಂದ, ಆ ಸಂಗ್ರಹ ಬರಿದಾದಂತೆ ನೀರೂ ಹೊರಹೋಗುತ್ತದೆ.

ಹಾಗೆಂದು ಪದ್ಧತಿಯ ಗುಣವನ್ನು ಕಡೆಗಣಿಸಲಾಗದು. ರಕ್ತದ ಸಕ್ಕರೆಯೂ ಟ್ರೈಗ್ಲಿಸರೈಡುಗಳೂ ಇದರಿಂದ ತಗ್ಗುತ್ತವೆ. ಎರಡನೆಯ ಬಗೆಯ ಮಧುಮೇಹದ ಮೇಲಿನ 23 ಪ್ರಯೋಗಗಳನ್ನು 2021ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಆರು ತಿಂಗಳ ಅವಧಿಯಲ್ಲಿ ರೋಗಶಮನ ಹೊಂದಿದವರ ಸಂಖ್ಯೆ ಇತರ ಪಥ್ಯಗಳಿಗಿಂತ ಅಧಿಕವಾಗಿತ್ತು, ವರ್ಷ ಕಳೆದಂತೆ ಆ ಮೇಲುಗೈ ಕುಗ್ಗಿತ್ತು. ದೋಷಗಳಲ್ಲಿ ಮಲಬದ್ಧತೆಯೂ ಬಾಯಿಯ ದುರ್ಗಂಧವೂ ಅಲ್ಪವಾದುವು. ಕೆಲವರಲ್ಲಿ ಎಲ್‌ಡಿಎಲ್ ಕೊಲೆಸ್ಟರಾಲ್ ವಿಪರೀತವಾಗಿ ಏರುವುದು ಅಲ್ಪವಲ್ಲ. ಇನ್ಸುಲಿನ್ ಚುಚ್ಚಿಸಿಕೊಳ್ಳುವವರು ವೈದ್ಯರಿಗೆ ತಿಳಿಸದೆ ಅನ್ನವನ್ನು ಹಠಾತ್ತನೆ ಬಿಟ್ಟರೆ ರಕ್ತದ ಸಕ್ಕರೆ ಪ್ರಾಣಾಪಾಯಕರವಾಗಿ ಕುಸಿಯಬಹುದು. ಆದರೆ ಪ್ರಶ್ನೆಯ ಮರ್ಮ ಬೇರೆಡೆಯಿದೆ: ಎಲೆಯಿಂದ ತೆಗೆದ ಅನ್ನದ ಜಾಗಕ್ಕೆ ಬಂದುದೇನು? 2018ರಲ್ಲಿ ಪ್ರಕಟವಾದ, ಅಮೆರಿಕದ 15,428 ಮಂದಿಯ ದೀರ್ಘಕಾಲದ ಅಧ್ಯಯನದಲ್ಲಿ, ಶಕ್ತಿಯ ಶೇಕಡ 50ರಿಂದ 55ರಷ್ಟನ್ನು ಶರ್ಕರಪಿಷ್ಟದಿಂದ ಪಡೆದವರಲ್ಲಿ ಮರಣಸಂಭವ ಕನಿಷ್ಠವಾಗಿತ್ತು. ಅದನ್ನು ತಗ್ಗಿಸಿ ಮಾಂಸವನ್ನು ಹೆಚ್ಚಿಸಿದವರಲ್ಲಿ ಅಧಿಕವಾಗಿತ್ತು, ಕಾಳು, ಬೀಜಗಳನ್ನು ಹೆಚ್ಚಿಸಿದವರಲ್ಲಿ ಇಳಿದಿತ್ತು. ಇಂಥ ಅಧ್ಯಯನ ಸಂಬಂಧವನ್ನು ತೋರುವುದೇ ಹೊರತು ಕಾರಣವನ್ನು ಸಿದ್ಧಪಡಿಸದು.

ಭಾರತದಲ್ಲಿ ಪರಿಸ್ಥಿತಿ ಪಶ್ಚಿಮಕ್ಕಿಂತ ಭಿನ್ನ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ಇಲ್ಲಿನವರ ಶಕ್ತಿಯ ಶೇಕಡ 62ರಷ್ಟು ಶರ್ಕರಪಿಷ್ಟದಿಂದಲೇ ಒದಗುತ್ತದೆ, ಅದರಲ್ಲಿಯೂ ಹೆಚ್ಚಿನ ಪಾಲು ಪಾಲಿಷ್ ಮಾಡಿದ ಅಕ್ಕಿಯಿಂದಲೂ ನುಣ್ಣಗೆ ಬೀಸಿದ ಗೋದಿಯಿಂದಲೂ ಬರುತ್ತದೆ. ಕರ್ನಾಟಕದಲ್ಲಿ ಅನ್ನವನ್ನು ಬಿಟ್ಟು ಮುದ್ದೆಯನ್ನು ಹಿಡಿದ ಮಧುಮೇಹಿಯು ತಾನು ಪಥ್ಯದಲ್ಲಿದ್ದೇನೆಂದು ಭಾವಿಸುವುದು ಸಹಜವೇ ಆದರೂ, ನೂರು ಗ್ರಾಂ ರಾಗಿಯಲ್ಲಿ ಶರ್ಕರಪಿಷ್ಟ ಸುಮಾರು 70 ಗ್ರಾಮಿನಷ್ಟಿದೆ. ನಾರೂ ಸುಣ್ಣದ ಅಂಶವೂ ಅಕ್ಕಿಗಿಂತ ಮಿಗಿಲೆಂಬ ಹಿರಿಮೆ ಅದಕ್ಕೆ ಸಲ್ಲಬೇಕಾದರೂ ಮುದ್ದೆಯ ಗಾತ್ರದ ಲೆಕ್ಕ ತಪ್ಪದು. ಅದೇ ಸಮೀಕ್ಷೆಯ ದತ್ತಾಂಶಗಳನ್ನು ಗಣಿತಕ್ರಮದಿಂದ ಪರಿಶೀಲಿಸಿದ ವಿದ್ವಾಂಸರು, ಹೊಸದಾಗಿ ರೋಗ ಪತ್ತೆಯಾದವರು ಶರ್ಕರಪಿಷ್ಟವನ್ನು ಶೇಕಡ 49ರಿಂದ 54ರ ಮಟ್ಟಕ್ಕೆ ಇಳಿಸಿ ಪ್ರೋಟೀನನ್ನು ಶೇಕಡ 20ರ ಆಸುಪಾಸಿಗೆ ಏರಿಸಿದರೆ ರೋಗಶಮನ ಸಾಧ್ಯವಾಗಬಹುದೆಂದು 2022ರಲ್ಲಿ ಸೂಚಿಸಿದ್ದಾರೆ. ಬೇಳೆ, ಹುರುಳಿ, ಅವರೆ, ಕಡಲೆಕಾಯಿ, ಮೊಸರು ಇವನ್ನು ಬಲ್ಲ ಮನೆಗಳಲ್ಲಿ ಅಷ್ಟು ಮಾರ್ಪಾಡು ಮಾಂಸಾಹಾರವಿಲ್ಲದೆಯೂ ಸಾಧ್ಯ.