ಬೆಣ್ಣೆ ಕಾಸು, ಡೇರಿ ಬಟವಾಡೆ

ಹಳ್ಳಿಗೆ ಡೇರಿ ಬರುವ ಮೊದಲು ಕರ್ನಾಟಕದ ಬಹಳಷ್ಟು ಮನೆಗಳಲ್ಲಿ ಹಾಲಿಗಿಂತ ಬೆಣ್ಣೆ, ತುಪ್ಪ ಮಾರುವುದೇ ಹೆಚ್ಚು. ಪೇಟೆ ದೂರ, ಅಲ್ಲಿಗೆ ಹೋಗುವಷ್ಟರಲ್ಲಿ ಹಾಲು ಒಡೆಯುತ್ತದೆ, ತುಪ್ಪ ತಿಂಗಳಾದರೂ ಕೆಡದು. ಹೆಪ್ಪು ಹಾಕುವುದು, ಕಡೆಯುವುದು, ಬೆಣ್ಣೆ ಕಾಯಿಸುವುದು ಹೆಂಗಸರ ಕೆಲಸವಾಗಿತ್ತು. ಮಕ್ಕಳಿಗೆ ಎಷ್ಟು ಹಾಲು, ಹೆಪ್ಪಿಗೆ ಎಷ್ಟು, ಪಕ್ಕದ ಮನೆಗೆ ಎಷ್ಟು ಮಜ್ಜಿಗೆ ಎಂಬುದೂ ಅವರದೇ ತೀರ್ಮಾನ. ಬೆಣ್ಣೆ ಮಾರಿದ ಕಾಸು ಸಾಸಿವೆ ಡಬ್ಬಿ ಸೇರುತ್ತಿತ್ತು. ಅದನ್ನು ಖರ್ಚು ಮಾಡಲು ಗಂಡನನ್ನು ಕೇಳಬೇಕಿರಲಿಲ್ಲ.

ದನ ಕೊಳ್ಳುವ, ಮಾರುವ ಮಾತು ಬಂದರೆ ಕಥೆಯೇ ಬೇರೆ. ಜಾತ್ರೆಯಲ್ಲಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವ ವ್ಯವಹಾರ ಗಂಡಸರದು.

ಗುಜರಾತಿನ ಖೇಡಾ ಜಿಲ್ಲೆಯಲ್ಲಿ 1946ರಲ್ಲಿ ಹುಟ್ಟಿದ ಹಾಲಿನ ಸಹಕಾರ ಸಂಘದ ಮಾದರಿ ವಿಶ್ವಬ್ಯಾಂಕಿನ ನೆರವಿನೊಂದಿಗೆ 1970ರ ದಶಕದಲ್ಲಿ ಇಲ್ಲಿಗೆ ಬಂತು. ಮೊದಲ ಹಂತದಲ್ಲಿ ದಕ್ಷಿಣದ 8 ಜಿಲ್ಲೆಗಳಿಗೆ. ಈ ಸಂಘಗಳಿಗೆಲ್ಲ ರಾಜ್ಯಮಟ್ಟದಲ್ಲಿ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ರೂಪುಗೊಂಡಿತು. ಬೆಳಿಗ್ಗೆ, ಸಂಜೆ ಹಾಲು ಅಳೆದು, ಜಿಡ್ಡು ನೋಡಿ, ತಪ್ಪದೆ ಬಟವಾಡೆ ಮಾಡುವ ಡೇರಿ ರೈತರಿಗೆ ಮಳೆಗಿಂತ ನಂಬಿಕಸ್ಥ ಆದಾಯವಾಯಿತು.

ಆದರೆ ಸಂಘದ ಪುಸ್ತಕದಲ್ಲಿ ಇದ್ದದ್ದು ಹೆಚ್ಚಾಗಿ ಯಜಮಾನನ ಹೆಸರು. ಹಾಲು ನೇರ ಡೇರಿಗೆ ಹೋದಂತೆ ಕಡೆಗೋಲಿಗೆ ಕೆಲಸ ಕಡಿಮೆಯಾಯಿತು, ಬೆಣ್ಣೆ ಕಾಸೂ ಕರಗಿತು. ಡೇರಿಯ ಜೊತೆಗೇ ಕೊಟ್ಟಿಗೆಗೆ ಬಂದ ಸೀಮೆ ಹಸುವಿಗೆ ಹುಲ್ಲು, ನೀರು, ಹಿಂಡಿ ಎಲ್ಲವೂ ಹೆಚ್ಚು ಬೇಕು. ಆ ದುಡಿಮೆ ಬಿದ್ದದ್ದು ಹೆಂಗಸರ ಮೇಲೆ. ದುಡ್ಡು ಎಣಿಸುವುದು, ಸಾಲಕ್ಕೆ ಸಹಿ ಹಾಕುವುದು, ಸಂಘದ ಸಭೆಗೆ ಹೋಗುವುದು ಗಂಡಸರು. ಮನೆಯ ಆದಾಯ ಏರಿತು, ಹಾಲು ಕರೆಯುವವಳ ಮಾತಿನ ತೂಕ ಇಳಿಯಿತು.

ಕೇಂದ್ರ ಸರ್ಕಾರ 1986–87ರಲ್ಲಿ ಮಹಿಳೆಯರ ತರಬೇತಿ, ಉದ್ಯೋಗಕ್ಕೆಂದು ‘ಸ್ಟೆಪ್’ ಯೋಜನೆ ತಂದಿತು. ಅದರ ನೆರವಿನಿಂದ ಮಹಾಮಂಡಳ ಮಹಿಳಾ ಹಾಲು ಉತ್ಪಾದಕರ ಸಂಘಗಳನ್ನು ಕಟ್ಟಿತು. ಸದಸ್ಯರು, ನಿರ್ದೇಶಕರು, ಅಧ್ಯಕ್ಷೆ, ಕಾರ್ಯದರ್ಶಿ ಎಲ್ಲರೂ ಹೆಂಗಸರೇ. ಹಾಲು ಪರೀಕ್ಷೆ ಮಾಡುವುದು, ಲೆಕ್ಕ ಬರೆಯುವುದು, ಚೆಕ್ಕಿಗೆ ಸಹಿ ಹಾಕುವುದನ್ನು ಅವರು ಕಲಿತರು. ಹೆಂಡತಿಯ ಹೆಸರಿಟ್ಟುಕೊಂಡು ಗಂಡ ವ್ಯವಹಾರ ನಡೆಸುವ ಮನೆಗಳೇನೂ ಇಲ್ಲದಿಲ್ಲ. ಆದರೂ ಹಸುವಿಗೆ ಸಾಲ ಬೇಕೋ ಬೇಡವೋ ಎಂಬ ಮಾತಿಗೆ ಅವಳನ್ನು ಕರೆಯಲೇಬೇಕಾಯಿತು, ಸಹಿ ಅವಳದಲ್ಲವೇ?

ರಾಜ್ಯ ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭಿಸಿದ ಪ್ರೋತ್ಸಾಹಧನ 2016ರಲ್ಲಿ 5 ರೂಪಾಯಿಯಾಯಿತು. ಅದು ಜಮೆಯಾಗುವುದು ಡೇರಿಗೆ ಹಾಲು ಹಾಕುವ ಸದಸ್ಯರ ಬ್ಯಾಂಕ್ ಖಾತೆಗೆ. ಹಾಗಾಗಿ ಮಹಿಳಾ ಸಂಘವಿಲ್ಲದ ಊರುಗಳಲ್ಲಿ ಕೊಟ್ಟಿಗೆ ನೋಡಿಕೊಳ್ಳುವವಳ ಹೆಸರಿಗೇ ಸದಸ್ಯತ್ವ ಬರೆಸುವ ಕೆಲಸವನ್ನು ಸಂಘಗಳು ಮುಂದಿನ ಸರ್ವಸದಸ್ಯರ ಸಭೆಯಲ್ಲೇ ಕೈಗೆತ್ತಿಕೊಳ್ಳಬೇಕು.